ಮುಂಜಾನೆ ಡಬ್ಬಿ, ಆಮೇಲೆ ಎಣಿಕೆ

ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೇ ನನ್ನ ಮೊದಲ ತಪ್ಪು. ಭಾನುವಾರ, ಕೆರೆಯ ಹಕ್ಕಿ ಕಾಯುವ, ಎಣಿಸುವ ಹೊಸ ಕೆಲಸ, ನಾಲ್ಕು ಜನ ನೋಡುತ್ತಾರೆ ಅಂತ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಗದಗದಿಂದ ಮಾಗಡಿಗೆ ಇಪ್ಪತ್ತಾರು ಕಿಲೋಮೀಟರ್. ಬೈಕ್ ನಿಲ್ಲಿಸಿ ಸೀದಾ ಕೆರೆ ಏರಿ ಹತ್ತಿದೆ. ಆಚೆ ದಂಡೆಯ ಕೆಸರಿನಲ್ಲಿ ಬೂದು ಬಣ್ಣದ ಹಕ್ಕಿಗಳ ದೊಡ್ಡ ಹಿಂಡು ಕೂತಿತ್ತು. ಇನ್ನೂ ಚೆನ್ನಾಗಿ ಕಾಣಲಿ ಅಂತ ಎರಡು ಹೆಜ್ಜೆ ಮುಂದೆ ಹೋದೆ. ಮೊದಲು ಕತ್ತುಗಳು ಎದ್ದವು, ಅಷ್ಟೂ ಒಟ್ಟಿಗೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ದಂಡೆಗೆ ದಂಡೆಯೇ ಎದ್ದು ಗಾಳಿಗೆ ಹೋಯಿತು. ತಲೆ ಮೇಲೆ ಆಂಗ್ ಆಂಗ್ ಅನ್ನುವ ಸದ್ದು. ನಾನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತೆ. ಎಂಥಾ ಚೆಂದ ಅಂದುಕೊಂಡೆ.

ಕೆಳಗಿನಿಂದ ಕೆರೆ ಕಾಯುವ ವಾಚರ್ ಕೂಗಿದರು: "ಸರ್, ಮೊದಲ ಕೆಳಗ ಇಳೀರಿ! ನಿಮ್ಮ ಅಂಗಿ ಟ್ಯೂಬ್‌ಲೈಟ್ ಹಚ್ಚಿದಂಗ ಕಾಣಾಕತ್ತೈತಿ!"

ಇಳಿದೆ. ಅವರು ತಮ್ಮ ಖಾಕಿ ಟವೆಲ್ ಕೊಟ್ಟು ಹೊದ್ದುಕೊಳ್ಳಿ ಅಂದರು. ಅವತ್ತು ಬೆಳಗಿನ ಎಣಿಕೆ ರೂಢಿ ಮಾಡಿಕೊಳ್ಳಲು ಬಂದಿದ್ದ ಇನ್ನೂ ಐದು ಜನ ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ನಾನು ಹಕ್ಕಿ ಮನುಷ್ಯ ಅಲ್ಲ. ಬೆಟಗೇರಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನನ್ನದು. ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರಲ್ಲ, ಆ ಕಾಶಿಯ ಒಂದು ಸಣ್ಣ ಓಣಿ ನಾನು. ಲಗ್ನಪತ್ರಿಕೆ, ಬಿಲ್ ಬುಕ್, ವರ್ಷದ ಕೊನೆಗೆ ಕ್ಯಾಲೆಂಡರ್. ಈ ಕ್ಯಾಲೆಂಡರಿನಿಂದಲೇ ಎಲ್ಲಾ ಶುರುವಾಗಿದ್ದು. ಒಂದು ಅಂಗಡಿಯವರಿಗೆ ಸಾವಿರ ಕ್ಯಾಲೆಂಡರ್ ಮಾಡಿಕೊಟ್ಟಿದ್ದೆ. ಮೇಲೆ ಮಾಗಡಿ ಕೆರೆಯ ಫೋಟೋ, ಕೆಳಗೆ ನಾನೇ ಕೂಡಿಸಿದ ಸಾಲು: "ಮಾಗಡಿ ಕೆರೆಯಲ್ಲಿ ಬಾತುಕೋಳಿಗಳು." ರಿಟೈರ್ ಆದ ಮಾಸ್ತರರೊಬ್ಬರು ಪ್ರೆಸ್ಸಿಗೆ ಬಂದು, ಗೋಡೆಗೆ ತೂಗು ಹಾಕಿದ್ದ ಪ್ರೂಫ್ ಮೇಲೆ ಬೆರಳಿಟ್ಟು, "ಇವು ಬಾತುಕೋಳಿ ಅಲ್ರಿ. ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬರೋ ಹಕ್ಕಿಗೆ ಮನಿ ಹಿತ್ತಲದಾಗಿನ ಕೋಳಿ ಹೆಸರು ಇಟ್ಟೀರಲ್ರಿ" ಅಂದರು. ಸಾವಿರ ಪ್ರತಿ ಆಗಲೇ ಹೋಗಿಬಿಟ್ಟಿದ್ದವು. ಅಚ್ಚಾದ ತಪ್ಪು ಒಂದು ವರ್ಷ ಜನರ ಗೋಡೆ ಮೇಲೆ ಇರುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟದ್ದು ಇಲ್ಲ.

ಆ ಹಕ್ಕಿಯನ್ನು ಒಮ್ಮೆ ಕಣ್ಣಾರೆ ನೋಡಿ ಬರೋಣ ಅಂತ ಹೋದವನು, ಮುಂದಿನ ಚಳಿಗಾಲಕ್ಕೆ ಸ್ವಯಂಸೇವಕ ಆಗಿಬಿಟ್ಟೆ. ಆಗುವುದು ಅಂಥಾ ಕಷ್ಟ ಏನಲ್ಲ. ಒಂದು ಅರ್ಜಿ, ಆಧಾರ್ ಜೆರಾಕ್ಸ್, ಎರಡು ಫೋಟೋ. ಒಂದು ಕಡೆ ಅರ್ಜಿ ಕಳೆದುಹೋಯಿತು, ಮತ್ತೆ ಬರೆದುಕೊಟ್ಟೆ. ಇಂಥದ್ದು ನಮಗೇನು ಹೊಸದಾ. ದುಡ್ಡು ಕೊಡುವುದಿಲ್ಲ, ಊಟ ನಿಮ್ಮದೇ, ಹಕ್ಕಿ ಮುಟ್ಟಬಾರದು, ನೀರಿಗೆ ಇಳಿಯಬಾರದು, ವಾಚರ್ ಹೇಳಿದ್ದು ಕೇಳಬೇಕು. ಇಷ್ಟೇ ಕರಾರು. ಮೊದಲ ದಿನವೇ ಕೊನೆಯದನ್ನು ಮುರಿದವನು ನಾನು.

ಮಾಗಡಿ ಕೆರೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಶಿರಹಟ್ಟಿ ತಾಲೂಕಿನದು. ಮಳೆ ನೀರು ಹಿಡಿದು ಹೊಲಕ್ಕೆ ಬಿಡಲು ಮನುಷ್ಯರು ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರ್. ಕಾಡಿಲ್ಲ, ಗುಡ್ಡ ಇಲ್ಲ. ಸುತ್ತ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಕಾನೂನಿನಲ್ಲಿ ಇದು ಅಭಯಾರಣ್ಯ ಅಲ್ಲ, 'ಸಂರಕ್ಷಣಾ ಮೀಸಲು'. 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಹೊಸ ಬಗೆ ಇದು. ಊರು, ಹೊಲ, ದನ ಎಲ್ಲಾ ಇದ್ದ ಹಾಗೇ ಇದ್ದು, ಹಕ್ಕಿಯೂ ಇರಲಿ ಅನ್ನುವ ಲೆಕ್ಕ. 2024ರ ಜನವರಿ ಕೊನೆಗೆ ಇದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗು ನೆಲಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಅದೇ ದಿನ ಅಘನಾಶಿನಿ ಅಳಿವೆಗೂ, ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಸಿಕ್ಕಿತು. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ. ಆಗ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಇಲ್ಲಿ 166 ಜಾತಿ ಹಕ್ಕಿ, ಅದರಲ್ಲಿ 130 ವಲಸೆ ಬರುವಂಥವು, ಹೆಬ್ಬಾತು ಒಂದೇ ಚಳಿಗಾಲಕ್ಕೆ ಸುಮಾರು 8,000.

ಎಂಟು ಸಾವಿರ ಅಂದರೆ ಎಷ್ಟು? ನನಗೆ ಹಾಳೆ ಲೆಕ್ಕ ಗೊತ್ತು. ಹದಿನಾರು ರೀಮ್. ಆದರೆ ಹಾಳೆಗಳು ಹಾರುವುದಿಲ್ಲ.

ಸ್ವಯಂಸೇವೆ ಅಂದರೆ ಗಾಯಗೊಂಡ ಹಕ್ಕಿಗೆ ಪಟ್ಟಿ ಕಟ್ಟುವುದು, ಮರಿಗೆ ಹಾಲು ಕುಡಿಸುವುದು ಅಂತ ನನ್ನ ತಲೆಯಲ್ಲಿತ್ತು. ಹಕ್ಕಿ ಹಾಲು ಕುಡಿಯುವುದಿಲ್ಲ, ಮತ್ತೆ ಹೆಬ್ಬಾತು ಇಲ್ಲಿ ಮರಿ ಮಾಡುವುದೂ ಇಲ್ಲ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಚಳಿ ಕಳೆಯಲು ನಮ್ಮಲ್ಲಿಗೆ ಬರುತ್ತವೆ. ನಮ್ಮ ಕೆಲಸ ಬಹಳ ಸಪ್ಪೆ. ಭಾನುವಾರ ಬಂದ ಜನರನ್ನು ಏರಿ ಕೆಳಗೇ ನಿಲ್ಲಿಸುವುದು. "ಒಮ್ಮೆ ಕಲ್ಲು ಒಗೀರಿ ಅಂಕಲ್, ಹಾರೋದು ವಿಡಿಯೋ ಮಾಡ್ತೀವಿ" ಅನ್ನುವ ಹುಡುಗರಿಗೆ ಒಲ್ಲೆ ಅನ್ನುವುದು. ಅವರಿಗೆ ನಾನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಬಿಳಿ ಅಂಗಿ ನೆನಪಾಗುತ್ತಿತ್ತು. ಉಳಿದ ಹೊತ್ತು ಚೀಲ ಹಿಡಿದು ದಂಡೆಯ ಮೇಲೆ ಕಸ ಆರಿಸುವುದು. ಗುಟ್ಕಾ ಚೀಟಿ, ನೀರಿನ ಪಾಕೀಟು, ಬಾಟಲಿ, ಪೂಜೆ ಮಾಡಿ ಬಿಟ್ಟ ಪ್ಲಾಸ್ಟಿಕ್ ಹಾರ. ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸಿದ್ದು ತಂಗೂಸಿ. ಮೀನಿನ ಬಲೆಯ ಆ ಸಣ್ಣ ದಾರ ಬಿಸಿಲಿಗೆ ಕಾಣುವುದೇ ಇಲ್ಲ. ನೀರಂಚಿನ ಜೊಂಡು, ಅಂದರೆ ಆಪಿನೊಳಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕು ಗೊತ್ತಾಗುತ್ತದೆ.

ಡಿಸೆಂಬರಿನ ಒಂದು ಬೆಳಗ್ಗೆ ಆ ತಂಗೂಸಿಯಲ್ಲಿ ನಾಮದ ಕೋಳಿ ಸಿಕ್ಕಿಹಾಕಿಕೊಂಡಿತ್ತು. ಕಪ್ಪು ಮೈ, ಹಣೆ ಮೇಲೆ ಬಿಳಿ ನಾಮ. ದೂರದಿಂದ ನೋಡಿದಾಗ ಸುಮ್ನೆ ಕೂತ ಹಾಗಿತ್ತು. ವಾಚರ್ ನೀರಿಗೆ ಇಳಿದು, ಟವೆಲ್ ಹಾಕಿ, ಎತ್ತಿಕೊಂಡು ಬಂದರು. ಅದೇ ಖಾಕಿ ಟವೆಲ್. ನನಗೆ ಕತ್ತರಿ ಹಿಡಿಯುವ ಕೆಲಸ. ಅಲ್ಲಿಯವರೆಗೆ ಆ ಹಕ್ಕಿಯ ಕಾಲನ್ನು ನಾನು ನೋಡಿರಲಿಲ್ಲ, ಯಾವಾಗಲೂ ನೀರಿನೊಳಗೇ ಇರುತ್ತದಲ್ಲ. ಬಾತಿನ ಹಾಗೆ ಬೆರಳುಗಳ ಮಧ್ಯೆ ಚರ್ಮ ಇಲ್ಲ. ಒಂದೊಂದು ಬೆರಳಿಗೂ ಬೇರೆ ಬೇರೆಯಾಗಿ ಎಲೆಯಂಥ ಮಡಿಕೆ, ಹಸಿರು-ಬೂದು ಬಣ್ಣ. ಆ ಮಡಿಕೆಗಳ ಮಧ್ಯೆ ದಾರ ನಾಲ್ಕು ಸುತ್ತು ಬಿಗಿದಿತ್ತು. ಕಣ್ಣು ಕೆಂಪು, ದಾಳಿಂಬೆ ಕಾಳಿನ ಕೆಂಪು. ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿತ್ತು. ನಾಲ್ಕನೇ ಸುತ್ತು ಕತ್ತರಿಸಿದ ಮರುಕ್ಷಣ ಅದು ಒದ್ದ ಒದೆಗೆ ವಾಚರ್ ಮುಂಗೈ ಮೇಲೆ ಮೂರು ಗೆರೆ ರಕ್ತ. "ಥ್ಯಾಂಕ್ಸ್ ಹೇಳತೈತ್ರಿ ಸರ್" ಅಂದು ನಕ್ಕು ನೀರಿಗೆ ಬಿಟ್ಟರು. ಒಂದು ಇಡೀ ಚಳಿಗಾಲದಲ್ಲಿ ನಾನು 'ಉಳಿಸಿದ' ಹಕ್ಕಿ ಅದೊಂದೇ. ಅದೂ ಕತ್ತರಿ ಹಿಡಿದಿದ್ದಕ್ಕೆ.

ಇನ್ನು ಎಣಿಕೆ. ಏಷ್ಯಾದ ನೀರುಹಕ್ಕಿಗಳ ಗಣತಿ ಅಂತ ಒಂದಿದೆ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಬೇರೆ ಬೇರೆ ದೇಶಗಳಲ್ಲಿ ನನ್ನಂಥ ಸಂಬಳ ಇಲ್ಲದ ಜನ ತಮ್ಮ ತಮ್ಮ ಕೆರೆಗೆ ಹೋಗಿ ಎಣಿಸಿ ಕಳಿಸುತ್ತಾರೆ. ಅದಕ್ಕಾಗಿ ನಮಗೆ ನವೆಂಬರಿನಿಂದಲೇ ತಾಲೀಮು. ಹೇಳಿಕೊಡುತ್ತಿದ್ದವಳು ಧಾರವಾಡದಲ್ಲಿ ಓದುವ ಹುಡುಗಿ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳು. ನನಗೆ ಅಂಕಲ್ ಅನ್ನುತ್ತಾಳೆ. ತಪ್ಪು ಮಾಡಿದರೆ ಮಾತ್ರ ಸರ್ ಅನ್ನುತ್ತಾಳೆ.

ಅವಳು ಹೇಳಿಕೊಟ್ಟ ಪಾಠ ಇಷ್ಟು. ಒಂದೊಂದೇ ಎಣಿಸಲು ಹೋಗಬೇಡಿ. ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಿಗೆ ಕೂಡಿಸಿಕೊಳ್ಳಿ. ಆ ಅಳತೆಯನ್ನು ಪಕ್ಕಕ್ಕೆ ಸರಿಸುತ್ತಾ ಹೋಗಿ: ಹತ್ತು, ಇಪ್ಪತ್ತು, ಮೂವತ್ತು. ಹಿಂಡು ದೊಡ್ಡದಾದರೆ ನೂರರ ಅಳತೆ. ಕೆರೆಯನ್ನು ಮನಸ್ಸಿನಲ್ಲೇ ಹೋಳು ಮಾಡಿ. ಆ ಜಾಲಿ ಗಿಡದಿಂದ ಈ ಕಂಬದವರೆಗೆ ಒಂದು ಹೋಳು. ಒಂದು ಹೋಳು ಮುಗಿಸಿ ಬರೆದುಕೊಂಡೇ ಮುಂದಕ್ಕೆ ಹೋಗಿ, ಹಿಂದಕ್ಕೆ ತಿರುಗಬೇಡಿ.

ಇದು ನನಗೆ ಹೊಸದಾಗಿರಲಿಲ್ಲ. ಪ್ರೆಸ್ಸಿನಲ್ಲಿ ಹಾಳೆಯನ್ನು ಬೀಸಣಿಗೆ ಹಾಗೆ ಬಿಚ್ಚಿ ಐದೈದು ಎಣಿಸುತ್ತೇವೆ. ರೀಮಿನ ದಪ್ಪ ಕೈಗೇ ಗೊತ್ತಿರುತ್ತದೆ. ಇದರಲ್ಲಿ ನಾನೇ ಮೊದಲು ಬರುತ್ತೇನೆ ಅಂದುಕೊಂಡೆ. ಮೊದಲ ಸಲ ಒಂದು ಹೋಳಿನಲ್ಲಿ ನನಗೆ 640 ಬಂತು. ಅವಳಿಗೆ 910. ಫೋಟೋ ತೆಗೆದು, ಲ್ಯಾಪ್‌ಟಾಪಿನಲ್ಲಿ ಒಂದೊಂದಕ್ಕೂ ಚುಕ್ಕೆ ಇಟ್ಟು ಎಣಿಸಿದೆವು. 893.

"ಸರ್," ಅಂದಳು, "ಎಲ್ಲರೂ ಕಡಿಮೆನೇ ಎಣಸ್ತಾರ. ಹಿಂಡು ದೊಡ್ಡದಾದಷ್ಟೂ ನಮ್ಮ ಕಣ್ಣು ಜಿಪುಣ ಆಗತೈತಿ."

ಮನೆಗೆ ಬಂದು ಹೆಂಡತಿಗೆ ಹೇಳಿ ರೂಢಿ ಶುರು ಮಾಡಿದೆ. ಅವಳು ತಾಟಿನಲ್ಲಿ ಒಂದು ಹಿಡಿ ಕಡ್ಲಿ ಚೆಲ್ಲುವುದು, ಐದು ಎಣಿಸುವಷ್ಟರಲ್ಲಿ ಮೇಲೆ ಬಟ್ಟೆ ಮುಚ್ಚುವುದು, ನಾನು ಎಷ್ಟು ಅಂತ ಹೇಳುವುದು. "ನೂರಾ ಇಪ್ಪತ್ತು." ಬಟ್ಟೆ ತೆಗೆದು ಎಣಿಸಿದರೆ ನೂರಾ ಎಂಬತ್ತು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಅವಳು, "ಗಿರಾಕಿ ಕೊಡೋ ಬಾಕಿ ಎಣಸಾಕ ಬರಂಗಿಲ್ಲ, ಹಕ್ಕಿ ಎಣಸ್ತಾರಂತ ಹಕ್ಕಿ" ಅಂದು ಆ ಕಡ್ಲಿಯನ್ನೇ ನೆನೆಹಾಕಿ ಉಸುಳಿ ಮಾಡಿಬಿಟ್ಟಳು. ಆದರೂ ಹದಿನೈದು ದಿನಕ್ಕೆ ಕಣ್ಣಿನ ಜಿಪುಣತನ ಸ್ವಲ್ಪ ಕಡಿಮೆ ಆಯಿತು. ಇನ್ನೂರರ ಹತ್ತಿರ ಹತ್ತೋ ಹದಿನೈದೋ ಆಚೀಚೆ.

ಎಳ್ಳ ಅಮವಾಸ್ಯೆ ದಿನ ಕೆರೆಗೆ ಹೋಗಿದ್ದೆ. ಊರವರೆಲ್ಲಾ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಹೊರಟಿದ್ದರು. ನಾನು ಏರಿ ಕೆಳಗೆ ಕೂತು ಎಣಿಸುತ್ತಿದ್ದೆ. ಪಕ್ಕದ ಹೊಲದ ಕಾಕಾ ಒಬ್ಬರು ಬಹಳ ಹೊತ್ತಿನಿಂದ ನನ್ನನ್ನು ನೋಡುತ್ತಿದ್ದರು. ಕೊನೆಗೆ ಬಂದರು.

"ಎಷ್ಟ ಆದುವ್ರಿ?"

"ಈ ಕಡೆ ಏಳನೂರಾ ಚಿಲ್ರಿ ಕಾಕಾ."

"ನೀವು ವಾರಕ್ಕೊಮ್ಮೆ ಎಣಸ್ತೀರಿ. ನಾವು ದಿನಾ ಮುಂಜಾನೆ ಎಣಸ್ತೀವ್ರಿ."

"ಹೌದಾ? ನಿಮಗೆಷ್ಟು ಬರ್ತಾವು?"

"ಹಕ್ಕಿ ಅಲ್ರಿ. ಸಾಲು. ಕಡ್ಲಿ ಎಷ್ಟ ಸಾಲು ಹೋತು ಅಂತ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಮಾತು ಬೆಳೆಸಲಿಲ್ಲ, "ಏಳ್ರಿ, ಹಬ್ಬದ ದಿನ ಉಪಾಸ ಕುಂದರಬಾರದು" ಅಂತ ಕರೆದುಕೊಂಡು ಹೋದರು. ಬನ್ನಿ ಗಿಡದ ನೆರಳಿಗೆ ಕೂತು ಉಂಡೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗಿ. ಚಿಗವ್ವ ಎರಡನೇ ಸಲ ಬಡಿಸುತ್ತಾ, "ಈ ಹಕ್ಕಿ ಸಾಹೇಬರಿಗೆ ಇನ್ನೊಂದು ಹಾಕಲೇನು?" ಅಂದರು. ಅಲ್ಲಿಂದ ಆ ಓಣಿಗೆಲ್ಲಾ ನಾನು ಹಕ್ಕಿ ಸಾಹೇಬ. ಏಳುವಾಗ ಕಾಕಾ ಹೇಳಿದರು: "ಮುಂದಿನ ವಾರ ರಾತ್ರಿನ ಬಂದು ವಸ್ತಿ ಇರ್ರಿ. ನಿಮ್ಮ ಹೆಬ್ಬಾತು ಏನ್ ಮಾಡ್ತಾವು ಅಂತ ನಸುಕಿನ್ಯಾಗ ನೋಡಬೇಕು. ಹಗಲೊತ್ತು ಅವು ಸಂಭಾವಿತ ಇರ್ತಾವು."

ಹೋದೆ. ಹೋಗದೇ ಇರಲು ಆಗುತ್ತದಾ, ಉಂಡ ಮನೆ.

ನಾಲ್ಕೂವರೆಗೆ ಎಬ್ಬಿಸಿದರು. ಎರಿ ಹೊಲದ ಚಳಿ ಅಂದರೆ ನೆಲದಿಂದ ಮೇಲಕ್ಕೆ ಹತ್ತುತ್ತದೆ. ಕಂಬಳಿ ಹೊದ್ದು ಕಡ್ಲಿ ಹೊಲದ ಬದುವಿಗೆ ಹೋಗುವಷ್ಟರಲ್ಲಿ ಮೊಣಕಾಲವರೆಗೆ ಪ್ಯಾಂಟ್ ಒದ್ದೆ. ಕಡ್ಲಿ ಎಲೆ ಮೇಲಿನ ಇಬ್ಬನಿ ಬರೀ ನೀರಲ್ಲ, ಹುಳಿ. ಕಾಲಿನಲ್ಲಿ ಎಲ್ಲೋ ತರಚಿದ ಗಾಯ ಇತ್ತು, ಚುರುಚುರು ಅಂತು. ಹಿಂದೆಲ್ಲಾ ರಾತ್ರಿ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿಯನ್ನು ಬಾಟಲಿಗೆ ತುಂಬಿ ಇಡುತ್ತಿದ್ದರಂತೆ, ಹೊಟ್ಟೆನೋವಿಗೆ. ಕಾಕಾ ಅದನ್ನು ಹೇಳುತ್ತಿದ್ದವರು ನಡುವೆಯೇ ಮಾತು ನಿಲ್ಲಿಸಿ ಮೇಲೆ ನೋಡಿದರು.

ಮೊದಲು ಸದ್ದು ಬಂತು. ಆಂಗ್, ಆಂಗ್. ಕತ್ತಲಲ್ಲಿ ಏನೂ ಕಾಣಲಿಲ್ಲ. ಆಮೇಲೆ ನಕ್ಷತ್ರ ಅಲ್ಲಲ್ಲಿ ಮರೆಯಾಗಿ ಮತ್ತೆ ಕಾಣಲು ಶುರುವಾಯಿತು. ತಲೆ ಮೇಲೆ ಒಂದು ಸುತ್ತು ಹಾಕಿ, ನಮ್ಮಿಂದ ಮೂವತ್ತು-ನಲವತ್ತು ಅಡಿ ದೂರದಲ್ಲಿ ಧಪ್ ಧಪ್ ಅಂತ ಇಳಿದವು. ಎರಡು-ಮೂರು ಕಿಲೋ ತೂಗುವ ಹಕ್ಕಿ, ಇಳಿದರೆ ಮನುಷ್ಯ ನಡೆದ ಹಾಗೇ ಕೇಳುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಡಿತು. ಸಾಲಿನಲ್ಲಿ ನಡೆಯುತ್ತಿದ್ದವು. ಕಳೆ ತೆಗೆಯುವ ಹೆಣ್ಣಾಳುಗಳ ಹಾಗೆ ಒಂದರ ಪಕ್ಕ ಒಂದು, ತಲೆ ಬಗ್ಗಿಸಿ, ಕುಡಿ ಚಿವುಟುತ್ತಾ. ಚರ್ ಚರ್ ಅನ್ನುವ ಸದ್ದು ಕೇಳುತ್ತಿತ್ತು. ನಾನು ಮೈಮರೆತು ನೋಡುತ್ತಿದ್ದೆ. ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಮೇಲಿನದು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿನ ತನಕ, ಕೆಳಗಿನದು ಗಿಡ್ಡ.

ಕಾಕಾ ನನ್ನ ಕೈಗೆ ಎಣ್ಣೆ ಡಬ್ಬಿ ಮತ್ತು ಕೋಲು ಕೊಟ್ಟರು.

ನಾನು ಅವರ ಮುಖ ನೋಡಿದೆ. ನಾನು ಇವುಗಳನ್ನು ಕಾಯಲು ಬಂದವನು. ಎಬ್ಬಿಸಬೇಡಿ ಅಂತ ಭಾನುವಾರ ಇಡೀ ಊರಿಗೆ ಹೇಳುವವನು. ಕೊರಳಲ್ಲಿ ಗುರುತಿನ ಚೀಟಿ ಬೇರೆ ಜೋತಾಡುತ್ತಿದೆ.

"ಬಡೀರಿ, ಬಡೀರಿ," ಅಂದರು ಮೆಲ್ಲಗೆ. "ನೀವು ವಿಚಾರ ಮಾಡೋದ್ರಾಗ ಮತ್ತೊಂದು ಸಾಲು ಹೋತು."

ಬಡಿದೆ. ಮೊದಲು ಮೆತ್ತಗೆ. ಒಂದೆರಡು ಕತ್ತು ಎತ್ತಿ ನೋಡಿ ಮತ್ತೆ ಮೇಯಲು ಹತ್ತಿದವು. ಕಾಕಾ ನಗಲು ಶುರು ಮಾಡಿದರು. ಆಮೇಲೆ ಜೋರಾಗಿ ಬಡಿದೆ. ಎದ್ದವು. ಎದ್ದು ದೂರ ಏನೂ ಹೋಗಲಿಲ್ಲ, ಪಕ್ಕದವರ ಹೊಲಕ್ಕೆ ಇಳಿದವು. ಅಲ್ಲಿ ಯಾರೋ ತಾಟು ಬಡಿದರು. ಅಲ್ಲಿಂದ ಎದ್ದು ಅದರಾಚೆಯ ಹೊಲಕ್ಕೆ. ಅಲ್ಲಿಂದ "ಹೋ ಹೋ" ಅನ್ನುವ ಕೂಗು. ಕತ್ತಲಲ್ಲಿ ಹೊಲದಿಂದ ಹೊಲಕ್ಕೆ ಸದ್ದು ಹೀಗೆ ದಾಟುತ್ತಾ ಹೋಯಿತು. ಕೊನೆಗೆ ಶೇಂಗಾ ಕಿತ್ತು ಖಾಲಿ ಬಿಟ್ಟ ಹೊಲಕ್ಕೆ ಇಳಿದವು. ಅಲ್ಲಿ ಯಾರೂ ಬಡಿಯಲಿಲ್ಲ. ಮಣ್ಣಿನಲ್ಲಿ ಉಳಿದ ಕಾಯಿ ಕೆದರಿ ತಿನ್ನಲಿ ಅಂತ ಬಿಟ್ಟರು.

"ಒಮ್ಮೊಮ್ಮೆ ಸಿಟ್ಟು ಬರೂದಿಲ್ಲೇನ್ರಿ ಕಾಕಾ? ಒಂದೆರಡು ಹೊಡೀಬೇಕು ಅಂತ?"

"ಬೀಗರು ಬಂದು ಎಂಟ ದಿನ ಉಂಡ್ರ ಹೊಟ್ಟಿ ಉರೀತೈತಿ. ಹೊಡೀತೀವೇನ್ರಿ ಬೀಗರನ್ನ?" ಬೀಡಿ ಹಚ್ಚಿಕೊಂಡರು. "ಹಿಕ್ಕಿ ಹಾಕ್ತಾವು, ಗೊಬ್ಬರ ಆಗತೈತಿ ಅಂತಾರ. ಆಗತೈತಿ, ಇಲ್ಲ ಅನ್ನೂದಿಲ್ಲ. ಆದ್ರ ಅವು ತಿಂದಷ್ಟು ಆಗಂಗಿಲ್ಲ. ಇದನ್ನೂ ನಿಮ್ಮ ಪುಸ್ತಕದಾಗ ಬರಕೋರಿ."

ಬೆಳಕು ಹರಿದ ಮೇಲೆ ಬದುವಿನ ಮೇಲೆ ನಡೆದು ಎಣಿಸಿದೆವು. ಹನ್ನೊಂದು ಸಾಲಿನ ತುದಿ ಕುಡಿ ಹೋಗಿತ್ತು. ನಾನು ಡಬ್ಬಿ ಹಿಡಿದು ವಿಚಾರ ಮಾಡಿದ ಆ ಒಂದು ಸಾಲು ಸೇರಿ. ಎಂಟೂವರೆ ಹೊತ್ತಿಗೆ ಹಿಂಡು ಹಿಂಡಾಗಿ ಕೆರೆಗೆ ಮರಳಿದವು. ನಾನೂ ಡಬ್ಬಿ ಕೊಟ್ಟು, ಬೈನಾಕ್ಯುಲರ್ ಹಿಡಿದು ಅವುಗಳ ಹಿಂದೆಯೇ ಹೋದೆ. ನೀರಿನ ಅಂಚಿಗೆ ಕೂತು, ರೆಕ್ಕೆಯೊಳಗೆ ಕೊಕ್ಕು ಇಟ್ಟು ಮಲಗಿದ್ದವು. ಸಂಭಾವಿತರ ಹಾಗೆ.

ವಾಚರ್‌ಗೆ ಈ ವಿಷಯ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಹೇಳಿದೆ. ಅವರು, "ನಮ್ಮ ಮನೀದೂ ಎರಡು ಎಕರೆ ಐತ್ರಿ ಸರ್, ಆ ಕಡೆ. ನಸುಕಿನ್ಯಾಗ ನಮ್ಮ ತಮ್ಮ ಬಡೀತಾನ, ಒಂಬತ್ತಕ್ಕ ನಾನು ಕಾಯಾಕ ಬರ್ತೀನಿ" ಅಂದರು.

ಗಣತಿಯ ದಿನ ಮಂಜು. ಎಂಟು ಗಂಟೆವರೆಗೆ ಆಚೆ ದಂಡೆ ಕಾಣಲಿಲ್ಲ. ನಾವು ಮೂರು ಗುಂಪು, ಒಂದೊಂದು ಗುಂಪಿಗೆ ಒಂದು ಹೋಳು. ನನ್ನ ಜೊತೆ ಧಾರವಾಡದ ಹುಡುಗಿ. ಅವಳು ಸ್ಕೋಪಿನಲ್ಲಿ, ಅಂದರೆ ದೊಡ್ಡ ದುರ್ಬೀನಿನಲ್ಲಿ, ನೋಡಿ ಹೇಳುವುದು, ನಾನು ಬರೆಯುವುದು, ಆಮೇಲೆ ಅದಲು ಬದಲು. ನಾನು ಕಂದು ಅಂಗಿ ಹಾಕಿದ್ದೆ. ಚಮಚದಂಥ ಅಗಲ ಕೊಕ್ಕಿನ ಚಲುಕದ ಬಾತು, ಸೂಜಿಬಾಲದ ಬಾತು, ಗುಳುಮುಳುಕ, ಬಣ್ಣದ ಕೊಕ್ಕರೆ, ಬಡಕಲು ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ. ಗುಳುಮುಳುಕ ಎಣಿಸುವುದರಷ್ಟು ತಲೆನೋವಿನ ಕೆಲಸ ಇನ್ನೊಂದಿಲ್ಲ. ಮೂರು ಮುಳುಗುತ್ತವೆ, ಎರಡು ಏಳುತ್ತವೆ. ಎದ್ದವು ಆ ಮೂರರಲ್ಲಿ ಎರಡಾ, ಬೇರೆ ಎರಡಾ?

ಹೆಬ್ಬಾತುಗಳ ಅರ್ಧ ಎಣಿಕೆ ಮುಗಿದಿತ್ತು. ಆಗ ಆಪಿನ ಮೇಲೆ ತಗ್ಗಾಗಿ ಗಿಡುಗದಂಥದ್ದೊಂದು ತೇಲುತ್ತಾ ಬಂತು. ಸೆಳೆವ ಅನ್ನುತ್ತಾರೆ ಅದಕ್ಕೆ. ಅದು ಯಾರನ್ನೂ ಹಿಡಿಯಲಿಲ್ಲ, ಸುಮ್ನೆ ಹಾದುಹೋಯಿತು. ಅಷ್ಟಕ್ಕೇ ಸಣ್ಣ ಬಾತುಗಳೆಲ್ಲಾ ಎದ್ದು, ಅವುಗಳ ಜೊತೆ ಹೆಬ್ಬಾತುಗಳೂ ಎದ್ದು, ಕಲಸಿದ ಅನ್ನದ ಹಾಗಾಯಿತು. ನಾನು ಪೆನ್ನು ಕೆಳಗಿಟ್ಟೆ.

"ಈಗ ಅಂದಾಜು ಬರೆಯೋಣ ಅಲ್ವಾ? ಇನ್ನರ್ಧ ಅಷ್ಟೇ ಇರ್ತಾವು" ಅಂದೆ.

"ಸರ್," ಅಂದಳು. ಸರ್ ಅಂದಿದ್ದರಿಂದಲೇ ಗೊತ್ತಾಯಿತು. ಹಾಳೆ ಹೊಡೆದು ಹಾಕಿ ಮೊದಲಿನಿಂದ ಶುರು ಮಾಡಿದೆವು. ಅವು ಇಳಿದು ಕೂರಲು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಅವಳು ಹೇಳಿದ ಒಂದು ಸಂಗತಿ ನನ್ನ ತಲೆಯಿಂದ ಹೋಗುತ್ತಿಲ್ಲ. ಈ ಹಕ್ಕಿಗಳಿಗೆ ಸಣ್ಣ ಯಂತ್ರ ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳಿಗೆ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರುವುದು ಸಿಕ್ಕಿದೆಯಂತೆ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕ ಬಹಳ ಕಡಿಮೆ. ಇವುಗಳ ರಕ್ತ ಅಷ್ಟರಲ್ಲೇ ಹಿಡಿದುಕೊಳ್ಳುತ್ತದೆ. ಅಷ್ಟೆಲ್ಲಾ ದಾಟಿ ಬಂದದ್ದು ಕಾಕಾನ ಹೊಲದ ಡಬ್ಬಿಗೆ ಹೆದರಿ ಪಕ್ಕದ ಹೊಲಕ್ಕೆ ಹೋಗುತ್ತದೆ.

ಎರಡನೇ ಸಲ ಎಣಿಸುವಾಗ, ನನ್ನ ಸರದಿಯಲ್ಲಿ, ಸ್ಕೋಪಿನೊಳಗೆ ಒಂದು ಹಕ್ಕಿಯ ಕೊರಳಿಗೆ ಹಸಿರು ಪಟ್ಟಿ ಕಂಡಿತು. ಮಂಗೋಲಿಯಾದಲ್ಲಿ ಹಕ್ಕಿ ಹಿಡಿದು, ಅಕ್ಷರ-ಅಂಕಿ ಬರೆದ ಪಟ್ಟಿ ಹಾಕಿ ಬಿಡುತ್ತಾರೆ. ಆ ನಂಬರ್ ಓದಿ ತಿಳಿಸಿದರೆ ಅದು ಎಲ್ಲಿ, ಯಾವಾಗ ಪಟ್ಟಿ ಹಾಕಿಸಿಕೊಂಡದ್ದು ಅಂತ ಗೊತ್ತಾಗುತ್ತದೆ. "ಪಟ್ಟಿ! ಪಟ್ಟಿ!" ಅಂದೆ. ಮೊದಲ ಅಕ್ಷರ ಸಿ ಇರಬೇಕು, ಅಥವಾ ಜಿ. ಮುಂದಿನದು ಓದುವಷ್ಟರಲ್ಲಿ ಇನ್ನೊಂದು ಹಕ್ಕಿ ಅಡ್ಡ ಬಂತು. ಹುಡುಗಿ ಕಣ್ಣಿಡುವ ಹೊತ್ತಿಗೆ ಅದು ಕತ್ತನ್ನು ರೆಕ್ಕೆಯೊಳಗೆ ಹಾಕಿ ಮಲಗಿತ್ತು. ಒಂದು ಗಂಟೆ ಕಾದೆವು. ಏಳಲಿಲ್ಲ. ವಾಚರ್ ಅಂದರು, "ಬಿಳಿ ಅಂಗಿ ತಂದಿದ್ರ ಎಬ್ಬಸಬಹುದಿತ್ತು ನೋಡ್ರಿ." ಮೂವತ್ತು ವರ್ಷ ಪ್ರೂಫ್ ಓದಿದ ಕಣ್ಣು ನನ್ನದು. ಎರಡಕ್ಷರ ಓದಲು ಆಗಲಿಲ್ಲ.

ಕೊನೆಗೆ ಫಾರಂ. ಹಕ್ಕಿ ಸಂಖ್ಯೆಯ ಜೊತೆಗೆ ಕೆರೆಯ ನೀರು ಎಷ್ಟಿದೆ, ಹವಾಮಾನ ಹೇಗಿತ್ತು, ಹಕ್ಕಿಗಳಿಗೆ ಏನು ತೊಂದರೆ ಕಂಡಿತು ಅಂತೆಲ್ಲಾ ಬರೆಯಬೇಕು. ತೊಂದರೆ ಅನ್ನುವ ಕಡೆ ಪೆನ್ನು ನಿಂತಿತು. ತಂಗೂಸಿ ಬರೆದೆ. ಪ್ಲಾಸ್ಟಿಕ್ ಬರೆದೆ. ಪ್ರವಾಸಿಗರು ಅಂತ ಬರೆದೆ. ಆಮೇಲೆ 'ಸುತ್ತಲ ಹೊಲಗಳಲ್ಲಿ ನಸುಕಿನಲ್ಲಿ ಡಬ್ಬಿ ಬಡಿದು ಓಡಿಸುತ್ತಾರೆ' ಅಂತ ಬರೆಯಬೇಕಾ? ಅದು ನಿಜ. ಅದನ್ನು ಬಡಿದವನು ಫಾರಂ ತುಂಬುತ್ತಿದ್ದಾನೆ ಅನ್ನುವುದೂ ನಿಜ. ಹುಡುಗಿಯನ್ನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಹಕ್ಕಿಯಿಂದ ಯಾರಿಗೆ ಏನು ತೊಂದರೆ ಅಂತ ಕೇಳೋ ಕಾಲಂ ಇದರಲ್ಲಿಲ್ಲ ಅಂಕಲ್" ಅಂದಳು. ಹಾಳೆಯ ಕೆಳಗೆ ಜಾಗ ಇತ್ತು. ಅಲ್ಲಿ ನನ್ನ ಕೈಬರಹದಲ್ಲಿ ಬರೆದೆ: ಕಡ್ಲಿ, ಒಂದು ಹೊಲ, ಒಂದು ನಸುಕು, ಹನ್ನೊಂದು ಸಾಲು. ಅದನ್ನು ಯಾರಾದರೂ ಓದಿದರೋ ಇಲ್ಲವೋ.

ಮಾರ್ಚ್ ಎರಡನೇ ಭಾನುವಾರ ಹೋದಾಗ ಕೆರೆ ಬರಿದಾಗಿತ್ತು. ನೀರು ಇತ್ತು, ಬೂದು ಬಣ್ಣ ಇರಲಿಲ್ಲ. ನಾಮದ ಕೋಳಿಗಳು ಮಾತ್ರ ಅಲ್ಲಲ್ಲಿ. ಅದರಲ್ಲಿ ನಮ್ಮದು ಯಾವುದು ಅಂತ ನೋಡಿದೆ, ಗೊತ್ತಾಗಲಿಲ್ಲ. ಕಡ್ಲಿ ರಾಶಿ ಮುಗಿದಿತ್ತು. ಕಾಕಾ ಐದು ಕಿಲೋ ಕಡ್ಲಿ ಚೀಲದಲ್ಲಿ ಕಟ್ಟಿಕೊಟ್ಟರು, ದುಡ್ಡು ಮುಟ್ಟಲಿಲ್ಲ. "ಡಬ್ಬಿ ಬಡಿದ ಪಗಾರ" ಅಂದರು. ಹೆಂಡತಿ ಅದರಲ್ಲಿ ಒಂದು ಹಿಡಿ ತಾಟಿಗೆ ಚೆಲ್ಲಿ ಬಟ್ಟೆ ಮುಚ್ಚಿ, "ಎಷ್ಟು?" ಅಂದಳು. ನೂರಾ ತೊಂಬತ್ತು ಅಂದೆ. ನೂರಾ ತೊಂಬತ್ತಾರು ಇದ್ದವು.

ಈ ವರ್ಷದ ಕ್ಯಾಲೆಂಡರ್ ಕೆಲಸ ನಡೆದಿದೆ. ಮಾಗಡಿ ಫೋಟೋ ಮತ್ತೆ ಬಂದಿದೆ, ಕೆಳಗೆ ಸರಿಯಾದ ಹೆಸರು ಕೂಡಿಸಿದ್ದೇನೆ. ಪ್ರೂಫ್ ಮೂರು ಸಲ ಓದಿದೆ. ಮೊನ್ನೆ ಮಷೀನ್ ಸದ್ದಿನಲ್ಲಿ ಫೋನ್ ಕೇಳಿಸಲಿಲ್ಲ. ಆಮೇಲೆ ನೋಡಿದರೆ ಕಾಕಾನ ನಾಲ್ಕು ಮಿಸ್ಡ್ ಕಾಲ್. ಮಾಡಿದೆ.

"ಬಂದಾವ್ರಿ ಹಕ್ಕಿ ಸಾಹೇಬ್ರ. ನಿನ್ನಿ ರಾತ್ರಿ ಇಳದಾವು. ಈ ಸಲ ನಿಮ್ಮ ಡಬ್ಬಿ ನೀವs ತರ್ರಿ, ನಂದು ಬಡದು ಬಡದು ಒಡದೈತಿ."